ಕರಡಿ ಕುಳ್ಳಮ್ಮನ ಚಿತ್ರ

ಮರದ ಸಾಹುಕಾರ್ ನಂಜುಂಡಸ್ವಾಮಿಯವರು ಹುಣಸೂರಿನ ಹೊಳೆದಂಡೆಯಲ್ಲಿ ಪ್ರಾಣಿಗಳ ತೋಟ ಮಾಡಿಸಿದ್ದು ಮೊದಮೊದಲು ಬರೀ ಶೋಕಿಗೆ. ಅದು ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ. ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಅವರ ಮರ ಕಡಿಯುವ ಗುತ್ತಿಗೆ ಇತ್ತು. ಮರ ಬೀಳುವ ಸದ್ದಿಗೆ ತಾಯಿ ಓಡಿಹೋಗಿ ಹಿಂದೆ ಉಳಿದ ಮರಿಗಳನ್ನು ಆಳುಗಳು ಹಿಡಿದು, ದಿಮ್ಮಿಯ ಗಾಡಿಯಲ್ಲೇ ಹಾಕಿ ಕಳಿಸುತ್ತಿದ್ದರು. ಮೈಸೂರಲ್ಲಿ ಮಹಾರಾಜರ ಮೃಗಾಲಯ ಇರುವಾಗ ಹುಣಸೂರಲ್ಲಿ ನನ್ನದೂ ಒಂದು ಇರಲಿ ಎಂದು ಸಾಹುಕಾರರು ಮಾವಿನ ತೋಪಿಗೆ ಬೇಲಿ ಹಾಕಿಸಿ ಕಂಬಿಯ ಗೂಡುಗಳನ್ನು ಕಟ್ಟಿಸಿದರು. ಸಂತೆಗೆ ಬಂದ ಜನ ಕಾಸು ಕೊಟ್ಟು ಒಳಗೆ ಹೋಗಿ ಚಿರತೆ ನೋಡಿಕೊಂಡು ಊರಿಗೆ ಹೋಗುತ್ತಿದ್ದರು. ಆಮೇಲೆ ಕೊಡಗಿನ ಕಡೆಗೆ ಹೊರಟಿದ್ದ ಒಂದು ಸರ್ಕಸ್ ಕಂಪನಿಯವರು ಆ ಚಿರತೆಯನ್ನು ಹೇಳಿದ ಬೆಲೆಗೆ ಕೊಂಡುಕೊಂಡರು. ಅಲ್ಲಿಂದ ಶೋಕಿ ಹೋಗಿ ವ್ಯಾಪಾರವಾಯಿತು.

ದೂರದಲ್ಲಿರುವ ಗಿರಾಕಿಗೆ ಪ್ರಾಣಿಯನ್ನು ತೋರಿಸುವುದು ಹೇಗೆ? ಮೈಸೂರಿನಿಂದ ಫೋಟೋ ತೆಗೆಯುವವನನ್ನು ಕರೆಸಿದ್ದಾಯಿತು. ಅವನು ತೆಗೆದ ಪಟಗಳಲ್ಲಿ ಕಂಬಿಗಳು ಮಾತ್ರ ಚೆನ್ನಾಗಿ ಬಂದಿದ್ದವು. ಅವುಗಳ ಹಿಂದೆ ಮಸಿ ಬಳಿದ ಹಾಗೆ ಏನೋ ಒಂದು ಕಾಣುತ್ತಿತ್ತು. ಆಗ ಸಾಹುಕಾರರಿಗೆ ನೆನಪಾದವನು ಚಿತ್ರಗಾರ ಲಿಂಗಯ್ಯ.

ಲಿಂಗಯ್ಯ ಪಿರಿಯಾಪಟ್ಟಣದವನು. ಅವನ ಮನೆತನದವರು ಗುಡಿಯ ಗೋಡೆಗಳಿಗೆ ಚಿತ್ರ ಬರೆದುಕೊಂಡು ಬಂದವರು. ಅವನ ಕಾಲಕ್ಕೆ ಆ ಕೆಲಸ ಬತ್ತಿಹೋಗಿ, ಮದುವೆಯ ಮಡಕೆಗಳಿಗೂ ಎತ್ತಿನ ಗಾಡಿಯ ಹಲಗೆಗಳಿಗೂ ಬಣ್ಣ ಹಚ್ಚಿ ಹೊಟ್ಟೆ ಹೊರೆಯುತ್ತಿದ್ದ. ಸಾಹುಕಾರರ ಸವಾರಿ ಗಾಡಿಯ ಹಿಂದೆ ಅವನು ಬರೆದಿದ್ದ ನವಿಲುಗಳನ್ನು ದಾರಿಯಲ್ಲಿ ಹೋಗುವ ಜನ ನಿಂತು ನೋಡುತ್ತಿದ್ದರು. ಅವನನ್ನು ಕರೆಸಿ ಕೆಲಸ ಕೊಟ್ಟರು. ಹೆಂಡತಿ ಸೋಮಮ್ಮನನ್ನು ಕರೆದುಕೊಂಡು ಹುಣಸೂರಿಗೆ ಬಂದ ಲಿಂಗಯ್ಯ, ತೋಟದ ಹಿಂದಿನ ಒಂದಂಕಣದ ಮನೆಯಲ್ಲಿ ಬಿಡಾರ ಹೂಡಿದ. ಮಕ್ಕಳಿರಲಿಲ್ಲ. ಇಬ್ಬರ ಸಂಸಾರಕ್ಕೆ ಮನೆಯೇನೂ ಚಿಕ್ಕದೆನಿಸಲಿಲ್ಲ.

ಮೊದಲ ದಿನವೇ ಸಾಹುಕಾರರು ಕೆಲಸದ ಮರ್ಮ ಹೇಳಿಕೊಟ್ಟರು.

"ನೋಡು ಲಿಂಗಯ್ಯ, ಕಂಬಿ ಬರೀಬೇಡ. ಹಿಂದೆ ಕಾಡಿರಲಿ. ಮೈಮೇಲೆ ಗಾಯ ಗೀಯ ಇದ್ದರೆ ಅದೂ ಬೇಡ. ನೋಡಿದವನಿಗೆ ಈಗತಾನೆ ಕಾಡಿನಿಂದ ಎದ್ದು ಬಂತೇನೋ ಅನ್ನಿಸಬೇಕು."

"ಆಗ್ಲಿ ಬುದ್ಧಿ," ಎಂದ ಲಿಂಗಯ್ಯ.

ಅವನು ಬೆಳಗ್ಗೆ ಬಿಸಿಲೇರುವ ಮೊದಲು ಗೂಡಿನ ಮುಂದೆ ಮಣೆ ಹಾಕಿಕೊಂಡು ಕುಳಿತುಬಿಡುತ್ತಿದ್ದ. ಅಳಿಲಿನ ಬಾಲದ ಕೂದಲಿನಿಂದ ಅವನೇ ಕಟ್ಟಿಕೊಂಡ ಕುಂಚಗಳು, ದೀಪದ ಕಾಡಿಗೆಯ ಕಪ್ಪು, ಜಾಜಿನ ಕೆಂಪು. ಹಸಿರು ಮಾತ್ರ ಮೈಸೂರಿನ ಅಂಗಡಿಯಿಂದ ಬರುತ್ತಿತ್ತು. ಗುಡಿಗೋಡೆಯ ಹುಲಿಗಳನ್ನು ಬರೆದು ಪಳಗಿದ ಕೈಗೆ ಮೊದಲು ತೊಂದರೆಯಾಯಿತು. ಗೋಡೆಯ ಹುಲಿ ಬರೆದ ಕಡೆ ನಿಲ್ಲುತ್ತದೆ, ನೋಡುವವನ ಕಡೆಗೇ ಮುಖ ಮಾಡಿರುತ್ತದೆ. ಗೂಡಿನ ಚಿರತೆ ಹಾಗಲ್ಲ. ಅದು ಆ ಮೂಲೆಯಿಂದ ಈ ಮೂಲೆಗೆ ತಿರುಗುತ್ತಲೇ ಇರುತ್ತಿತ್ತು. ಕಣ್ಣಿನಲ್ಲಿ ಹಿಡಿದದ್ದು ಕಾಗದಕ್ಕೆ ಇಳಿಯುವಷ್ಟರಲ್ಲಿ ಹೆಗಲು ಬೇರೆಯಾಗುತ್ತಿತ್ತು. ಹಲವು ತಿಂಗಳು ಹರಿದು ಹಾಕಿ ಹಾಕಿ ಕೊನೆಗೆ ಅವನಿಗೆ ಅದು ಒಲಿಯಿತು. ಎರಡು ಚಿರತೆಗಳ ಮೈಮೇಲಿನ ಚುಕ್ಕೆ ಒಂದೇ ಥರ ಇರುವುದಿಲ್ಲ, ಕಡವೆಯ ಕಿವಿ ಕಣ್ಣಿಗಿಂತ ಮೊದಲು ತಿರುಗುತ್ತದೆ ಎಂಬುದನ್ನೆಲ್ಲ ಅವನು ಸೋಮಮ್ಮನಿಗೆ ಊಟದ ಹೊತ್ತಿಗೆ ಹೇಳುತ್ತಿದ್ದ. ಚಿತ್ರದ ಹಿಂದಿನ ಕಾಡಿಗಾಗಿ ವೀರನಹೊಸಹಳ್ಳಿಯವರೆಗೆ ಗಾಡಿಯಲ್ಲಿ ಹೋಗಿ ಮತ್ತಿಮರ, ಬಿದಿರಮೆಳೆಗಳನ್ನು ನೋಡಿಕೊಂಡು ಬರುತ್ತಿದ್ದ. ನಿಜ ಹೇಳಬೇಕೆಂದರೆ ಆ ಎರಡು ಮೂರು ವರ್ಷ ಅವನು ಸುಖವಾಗಿದ್ದ. ಚಿತ್ರ ಗಿರಾಕಿಗೆ ಹೋಗಿ ವಾಪಸ್ ಬಂದ ಸ್ವಲ್ಪ ದಿನಕ್ಕೆ ಪ್ರಾಣಿಯೂ ಗಾಡಿ ಹತ್ತಿ ಹೋಗುತ್ತಿತ್ತು. ಅದು ತನ್ನ ಕೈಗುಣ ಎಂದೇ ಅವನು ತಿಳಿದಿದ್ದ.

ಹಾಗೆ ಹೋದವುಗಳಲ್ಲಿ ಒಂದು ಗಂಡು ಕರಡಿ. ಎದೆಯ ಮೇಲೆ ಲಾಳದ ಆಕಾರದ ಬಿಳಿ ಗುರುತು, ಆ ಲಾಳದ ಎಡಗಡೆಯ ಗೆರೆ ನಡುವೆ ತುಂಡಾದ ಹಾಗೆ ಒಂದು ಕಪ್ಪು ಮಚ್ಚೆ. ಅದು ಎದ್ದು ನಿಂತು ಮರದ ತೊಗಟೆ ಕೆರೆಯುತ್ತಿರುವ ಹಾಗೆ ಲಿಂಗಯ್ಯ ಬರೆದಿದ್ದ. ಸರ್ಕಸ್ಸಿನವರು ಆ ಚಿತ್ರ ನೋಡಿ, ಪ್ರಾಣಿಯನ್ನು ಕಣ್ಣಿಂದ ನೋಡದೆಯೇ ಒಪ್ಪಿಕೊಂಡರಂತೆ. ಸಾಹುಕಾರರು ಖುಷಿಯಿಂದ ಸೋಮಮ್ಮನಿಗೆ ಒಂದು ಸೀರೆ ಕೊಡಿಸಿದರು.

ಮರುವರ್ಷ ಬೇಸಗೆಯಲ್ಲಿ ಲಿಂಗಯ್ಯ ಪಿರಿಯಾಪಟ್ಟಣದ ಮನೆಯ ಹೆಂಚು ಕೈಯಾಡಿಸಲು ಹೋದವನು ಸಂತೆಯ ಕಡೆ ಹೋಗಿದ್ದ. ಮೆಣಸಿನಕಾಯಿ ರಾಶಿ ಹಾಕುವ ಜಾಗದಾಚೆ ಜನ ಸುತ್ತುಗಟ್ಟಿ ನಗುತ್ತಿದ್ದರು. ಇಣುಕಿ ನೋಡಿದರೆ ಕರಡಿ ಆಡಿಸುವವನು. ಕರಡಿಯ ಮೂಗಿನ ತೂತಿನಲ್ಲಿ ಹಗ್ಗ ಪೋಣಿಸಿತ್ತು. ಹಗ್ಗ ಎಳೆದಾಗ ಅದು ಹಿಂಗಾಲ ಮೇಲೆ ನಿಂತು ಅತ್ತ ಇತ್ತ ತೂಗುತ್ತಿತ್ತು. ಬಾಯಿ ತೆರೆದಾಗ ಒಳಗೆ ಹಲ್ಲಿರಲಿಲ್ಲ. ಬೆನ್ನಿನ ಕೂದಲೆಲ್ಲ ಉದುರಿ ಚರ್ಮ ಸುಕ್ಕುಗಟ್ಟಿತ್ತು. ಅದು ಇನ್ನೊಮ್ಮೆ ಎದ್ದು ನಿಂತಾಗ ಲಿಂಗಯ್ಯ ಎದೆಯ ಗುರುತನ್ನು ಕಂಡ. ಲಾಳ, ಅದರ ಎಡಗೆರೆಯ ನಡುವೆ ಕಪ್ಪು ಮಚ್ಚೆ.

ಜನ ಚದುರುವವರೆಗೆ ಅವನು ಅಲ್ಲೇ ನಿಂತಿದ್ದ. ಆಮೇಲೆ ಕರಡಿಯವನ ಹತ್ತಿರ ಹೋಗಿ, ಇದು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ.

"ಸರ್ಕಸ್ನೋರು ಮಾರಿದ್ದು ಸ್ವಾಮಿ," ಎಂದ ಅವನು. "ಸೈಕಲ್ ತುಳಿಯೋದು ಕಲೀಲಿಲ್ವಂತೆ. ಹಲ್ಲು ಕಿತ್ತಿದ್ದು ನಾನಲ್ಲ, ಖುದಾ ಆಣೆ. ನನ್ನ ಕೈಗೆ ಬರೋವಾಗ್ಲೇ ಹಿಂಗೇ ಇತ್ತು. ನಾನು ದಿನಾ ರೊಟ್ಟಿ ನೆನೆಸಿ ಕೊಡ್ತೀನಿ."

ಅವನು ಹೇಳಿದ್ದು ಸುಳ್ಳೇನೂ ಇರಲಾರದು. ಕರಡಿಯ ಪಕ್ಕದಲ್ಲಿ ಒಂದು ಮಡಕೆಯಲ್ಲಿ ನೆನೆಸಿದ ರೊಟ್ಟಿ ಇತ್ತು. ಲಿಂಗಯ್ಯ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕರಡಿಯ ಮುಖ ನೋಡಿದ. ಎಷ್ಟೋ ವಾರ ಎದುರಾಬದುರು ಕುಳಿತಿದ್ದ ಪ್ರಾಣಿ ಅದು. ಅವನ ಗುರುತು ಅದಕ್ಕೆ ಹತ್ತಲಿಲ್ಲ. ಹತ್ತಿದ್ದರೂ ಏನು ಮಾಡೀತು. ಹೆಂಚಿನ ಕೆಲಸ ಅರ್ಧಕ್ಕೇ ಬಿಟ್ಟು ಅವನು ಹುಣಸೂರಿಗೆ ವಾಪಸ್ ಬಂದ.

ತೋಟದಲ್ಲಿ ಪ್ರಾಣಿಗಳಿಗೆ ಮೇವು ನೀರು ನೋಡುತ್ತಿದ್ದವನು ಜವರಯ್ಯ. ಹೆಗ್ಗಡದೇವನಕೋಟೆ ಸೀಮೆಯವನು, ಲಿಂಗಯ್ಯನಿಗಿಂತ ಹಿರಿಯ, ಎಲೆಯಡಿಕೆಯ ಬಾಯಿ. ಸಂತೆಯಲ್ಲಿ ಕಂಡದ್ದನ್ನು ಲಿಂಗಯ್ಯ ಅವನಿಗೆ ಹೇಳಿದ.

"ನಾ ಬರ್ದ ಚಿತ್ರ ನೋಡ್ಕೊಂಡೇ ಅಲ್ವಾ ಜವರಣ್ಣ ಅವ್ರು ತಗಂಡಿದ್ದು?"

"ನೀ ಬರೀದಿದ್ರೆ ಇನ್ನೊಬ್ಬ ಬರೀತಿದ್ದ, ಬುಡು," ಎಂದ ಜವರಯ್ಯ. "ನಾ ಮೇವು ಆಕಿ ದಪ್ಪ ಮಾಡಿದ್ಕೇ ಅದ್ಕೆ ಬೆಲೆ ಬಂದದ್ದು. ಅಂಗಂತ ಮೇವು ಆಕದೆ ಇರಕಾಯ್ತದಾ?"

ಅಂದಿನಿಂದ ಕುಂಚ ಹಿಡಿದಾಗ ಲಿಂಗಯ್ಯನ ಕೈ ಹಿಂದಿನ ಹಾಗೆ ಓಡಲಿಲ್ಲ. ಒಂದು ಕೆಂಜಳಿಲು, ಒಂದು ಜೋಡಿ ಮುಸುವ, ಎರಡು ಸೀಳುನಾಯಿ ಮರಿಗಳು, ಇವನ್ನು ಬರೆದ. ಎಲ್ಲವೂ ಹೋದವು. ಎಲ್ಲಿಗೆ ಹೋದವು ಎಂದು ಅವನು ಈಗ ಕೇಳಿ ತಿಳಿದುಕೊಳ್ಳುತ್ತಿದ್ದ. ಮದರಾಸಿನ ಹಡಗಿಗೆ ಹೋದ ಮುಸುವಗಳು ಹಡಗು ಬಿಡುವ ಮೊದಲೇ ಸತ್ತವೆಂದು ಸಾಹುಕಾರರ ಗುಮಾಸ್ತರು ಹೇಳಿದರು. ತಿಳಿದುಕೊಳ್ಳದೆ ಇದ್ದಿದ್ದರೇ ವಾಸಿಯಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಕರಡಿ ಬಂತು. ಅದಕ್ಕೆ ಎರಡು ಮರಿಗಳಿದ್ದವಂತೆ. ಬಲೆಯಲ್ಲಿ ಹಿಡಿಯುವ ಗಲಾಟೆಯಲ್ಲಿ ಎರಡೂ ಸತ್ತುಹೋಗಿದ್ದವು. ಆಳುಗಳು ಹೊಡೆದ ಕಲ್ಲು ತಾಗಿ ಅದರ ಬಲಗಣ್ಣಿಗೆ ಹೂ ಬಿದ್ದ ಹಾಗೆ ಬೆಳ್ಳಗಾಗಿತ್ತು. ಕುಳ್ಳಾಗಿ ಅಗಲವಾಗಿ ಇದ್ದದ್ದನ್ನು ನೋಡಿ ಜವರಯ್ಯ ಅದಕ್ಕೆ ಕುಳ್ಳಮ್ಮ ಎಂದು ಹೆಸರಿಟ್ಟ.

ಮೊದಲ ಕೆಲವು ದಿನ ಕುಳ್ಳಮ್ಮ ಕಂಬಿಗೆ ಹೆಗಲು ಕೊಟ್ಟು ಗುದ್ದಿತು. ಹೆಗಲಿನ ಕೂದಲು ಸವೆದು ಹುಣ್ಣಾಯಿತು. ಆಮೇಲೆ ಗುದ್ದುವುದನ್ನು ಬಿಟ್ಟು ಹಿಂದಿನ ಮೂಲೆಯಲ್ಲಿ ಕುಳಿತುಬಿಟ್ಟಿತು. ಕುಳಿತಲ್ಲೇ ತನ್ನ ಮುಂಗಾಲಿನ ಅಂಗೈಯನ್ನು ಬಾಯಿಗಿಟ್ಟುಕೊಂಡು ಚೀಪುತ್ತ, ಗಂಟಲಿನೊಳಗೇ ಒಂದು ಸದ್ದು ಮಾಡುತ್ತಿತ್ತು. ಹೆಜ್ಜೇನಿನ ಗೂಡಿನ ಹತ್ತಿರ ಹೋದರೆ ಕೇಳುವಂಥ ಗುಂಯ್ ಎನ್ನುವ ಸದ್ದು. ಮೇವು ಹಾಕಿದಾಗ ನಿಲ್ಲಿಸುವುದು, ತಿಂದು ಮತ್ತೆ ಶುರುಮಾಡುವುದು.

"ಯಾಕಿಂಗೆ ಮಾಡ್ತದೆ?" ಎಂದು ಲಿಂಗಯ್ಯ ಕೇಳಿದ.

"ಮರಿಗ್ಳು ಆಲು ಕುಡಿಯೋವಾಗ ಇಂಗೇ ಗುಂಯ್‌ಗುಡ್ತವೆ ಕಣ," ಎಂದ ಜವರಯ್ಯ. "ಇವ್ಳು ತಾನೇ ಮರಿಯಾಗ್ಬುಟ್ಟವ್ಳೆ."

ಲಿಂಗಯ್ಯ ದಿನವೂ ಗೂಡಿನ ಮುಂದೆ ಕುಳಿತ. ಕಾಗದ ಮಂಡಿಯ ಮೇಲೆ ಖಾಲಿಯೇ ಇರುತ್ತಿತ್ತು. ಆ ಸದ್ದು ಕೇಳುತ್ತ ಕೇಳುತ್ತ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಮನೆಗೆ ಹೋದ ಮೇಲೂ ಅದು ಕಿವಿಯಲ್ಲಿ ಇರುತ್ತಿತ್ತು. ಕಾರ್ತಿಕದಲ್ಲಿ ಸಾಹುಕಾರರು ಅವನನ್ನು ಕರೆದು, ಅದೇ ಸರ್ಕಸ್ಸಿನವರು ಹೆಣ್ಣು ಕರಡಿ ಕೇಳುತ್ತಿದ್ದಾರೆ, ಚಿತ್ರ ಬೇಗ ಆಗಲಿ ಎಂದರು. ತಾವು ಮಗಳ ಮದುವೆಯ ಮಾತುಕತೆಗೆ ಮೈಸೂರಿಗೆ ಹೋಗುವುದಿದೆ, ಚಿತ್ರವನ್ನು ಗುಮಾಸ್ತರ ಕೈಗೆ ಕೊಟ್ಟರೆ ಅವರು ಅಂಚೆಗೆ ಹಾಕುತ್ತಾರೆ ಎಂದು ಹೇಳಿ ಹೊರಟುಹೋದರು.

ಆ ದಿನ ಲಿಂಗಯ್ಯ ಮಧ್ಯಾಹ್ನ ಊಟಕ್ಕೆ ಕುಳಿತವನು ಮುದ್ದೆಯನ್ನು ಮುರಿದು ಹಾಗೇ ಬಿಟ್ಟ. ಸೋಮಮ್ಮ ಅವನನ್ನು ನೋಡಿದಳು.

"ಬರೀದಿದ್ರೆ ಏನಾಯ್ತದೆ?"

"ಕೆಲ್ಸ ಓಯ್ತದೆ. ಇನ್ಯಾರನ್ನಾದ್ರೂ ಕರ್ಸಿ ಬರುಸ್ತಾರೆ. ಅದ್ರ ಮೂಗಿಗೂ ಅಗ್ಗ ಬೀಳ್ತದೆ."

"ಬರುದ್ರೆ?"

"ಆಗ್ಲೂ ಬೀಳ್ತದೆ."

ಸೋಮಮ್ಮ ಸಾರಿನ ಪಾತ್ರೆಯ ಮುಚ್ಚಳ ಹಾಕಿದಳು. ಅವಳೂ ತೋಟದೊಳಗೆ ಹೋಗಿ ಕುಳ್ಳಮ್ಮನನ್ನು ನೋಡಿ ಬಂದಿದ್ದಳು.

"ಇಷ್ಟು ದಿನ ಇಲ್ದೇ ಇರೋದ್ನ ಬರುದ್ರಿ. ಇದೊಂದ್ಸಲ ಇರೋದ್ನೇ ಬರೀರಿ," ಎಂದಳು. "ಒಕ್ಕಣ್ಣಿ ಕರಡೀನ ಯಾರು ತಗತಾರೆ?"

ಲಿಂಗಯ್ಯ ಅವಳನ್ನೇ ನೋಡಿದ. ಆಮೇಲೆ ಮುದ್ದೆ ಉಂಡ. ಬಿಸಿಲು ಇಳಿಯುವ ಮುಂಚೆಯೇ ಗೂಡಿನ ಮುಂದೆ ಹೋಗಿ ಕುಳಿತು ಬರೆಯತೊಡಗಿದ.

ಮೊದಲು ಕಂಬಿಗಳನ್ನು ಬರೆದ. ಅವುಗಳ ತುಕ್ಕು ಬರೆದ. ಹಿಂದಿನ ಮೂಲೆಯ ಕತ್ತಲಿನಲ್ಲಿ ಕುಳಿತ ಗಿಡ್ಡ ದೇಹ, ಬಾಯಿಯೊಳಗಿನ ಅಂಗೈ, ಬೆಳ್ಳಗಿನ ಕಣ್ಣು, ಹೆಗಲಿನ ಮೇಲೆ ನೊಣ ಕೂತ ಹುಣ್ಣು. ಒಂದು ಗೆರೆಯನ್ನೂ ಹೆಚ್ಚು ಎಳೆಯಲಿಲ್ಲ, ಒಂದನ್ನೂ ಬಿಡಲಿಲ್ಲ. ಕೈ ಎಂದೂ ಅಷ್ಟು ಹಗುರಾಗಿ ಓಡಿರಲಿಲ್ಲ. ಮುಗಿದಾಗ ಜವರಯ್ಯ ಹಿಂದೆ ನಿಂತು ನೋಡಿ, ಎಲೆಯಡಿಕೆ ಉಗಿದು ಬಂದು ಮತ್ತೆ ನೋಡಿದ. "ಸಾವ್ಕಾರ್ರು ನೋಡುದ್ರೆ ಇಬ್ರುನ್ನೂ ಓಡುಸ್ತಾರೆ," ಎಂದನೇ ಹೊರತು ಬೇಡ ಎನ್ನಲಿಲ್ಲ. ಲಿಂಗಯ್ಯ ಚಿತ್ರವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ತಾನೇ ಹೊಲಿದು ಗುಮಾಸ್ತರಿಗೆ ಕೊಟ್ಟ. ಅವರು ಬಿಚ್ಚಿ ನೋಡದೆ ಅಂಚೆಗೆ ಹಾಕಿದರು.

ಸರ್ಕಸ್ಸಿನ ಮ್ಯಾನೇಜರು ಕೋತಿಗಳನ್ನು ಕೊಳ್ಳಲು ತಾನೇ ಹುಣಸೂರಿಗೆ ಬಂದ. ಕರಡಿ ಬೇಡವೆಂದು ಚಿತ್ರವನ್ನು ವಾಪಸ್ ಕೊಟ್ಟ. ಹೋಗುವಾಗ, ನಿಮ್ಮ ಚಿತ್ರಗಾರ ಪ್ರಾಮಾಣಿಕ, ಅವನಿಂದ ನಮ್ಮ ಹಣ ಉಳಿಯಿತು ಎಂದು ಸಾಹುಕಾರರಿಗೆ ಹೇಳಿಹೋದ. ಸಾಹುಕಾರರು ಲಿಂಗಯ್ಯನನ್ನು ಬಂಗಲೆಯ ಜಗುಲಿಗೆ ಕರೆಸಿದರು.

ಅವರು ಕೂಗಾಡುವ ಮನುಷ್ಯರಲ್ಲ. ಎದುರಿಗೆ ಆ ಚಿತ್ರ ಬಿಚ್ಚಿಟ್ಟಿತ್ತು.

"ಯಾಕೆ ಹೀಗೆ ಬರೆದೆ?"

"ಇದ್ದಂಗೆ ಬರ್ದೆ ಬುದ್ಧಿ."

"ಹೌದು. ಚೆನ್ನಾಗಿದೆ. ನೀನು ಇದುವರೆಗೆ ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ," ಎಂದು ಅವರು ಚಿತ್ರವನ್ನು ಇನ್ನೊಮ್ಮೆ ನೋಡಿ ಸುರುಳಿ ಸುತ್ತಿದರು. "ಇನ್ನು ಅದನ್ನು ಯಾರೂ ಕೊಳ್ಳೋದಿಲ್ಲ. ಇಲ್ಲೇ ಇರುತ್ತೆ. ಹೋಗು."

ಲಿಂಗಯ್ಯ ಅಷ್ಟೇ ಕೇಳಿಸಿಕೊಂಡ. ಇಲ್ಲೇ ಇರುತ್ತೆ. ಮನೆಗೆ ಓಡಿಬಂದು ಸೋಮಮ್ಮನಿಗೆ ಹೇಳಿದ. ಮುಂದಿನ ಎರಡು ತಿಂಗಳು ಅವನು ಬೆಳಗ್ಗೆ ಎದ್ದು ಹೊಳೆಯಾಚೆ ಹೋಗಿ, ಹುತ್ತದ ಮಣ್ಣನ್ನು ಗೆದ್ದಲು ಸಮೇತ ಬುಟ್ಟಿಯಲ್ಲಿ ತಂದು ಗೂಡಿನೊಳಗೆ ಸುರಿಯುತ್ತಿದ್ದ. ಕುಳ್ಳಮ್ಮ ಮೂಲೆಯಿಂದ ಎದ್ದು ಬಂದು, ತುಟಿ ಮುಂದೆ ಚಾಚಿ, ಮಣ್ಣನ್ನು ಉಫ್ ಎಂದು ಊದಿ ಗೆದ್ದಲನ್ನು ಹೀರುತ್ತಿತ್ತು. ಹೆಗಲಿನ ಹುಣ್ಣಿಗೆ ಜವರಯ್ಯ ಬೇವಿನೆಣ್ಣೆ ಹಚ್ಚಿದ. ಅದು ಒಣಗಿ ಮೇಲೆ ಸಣ್ಣ ಕೂದಲು ಬಂತು. ಸೋಮಮ್ಮ ಒಂದು ದಿನ ಬೆಲ್ಲ ಹಾಕಿದ ರಾಗಿಮುದ್ದೆ ಮಾಡಿ ಕಳಿಸಿದಳು. ಲಿಂಗಯ್ಯ ಹಾಡು ಗುನುಗುತ್ತಿದ್ದುದನ್ನು ಜವರಯ್ಯ ಕೇಳಿದ.

"ಬಾಳ ಆಸೆ ಮಡಿಕೋಬ್ಯಾಡ ಲಿಂಗಯ್ಯ," ಎಂದ. "ಮಾರಾಟ್ವಾಗ್ದೆ ಇರೋದ್ನ ಎಷ್ಟು ದಿನ ಸಾಕ್ತಾರೆ ಅವ್ರು?"

ಸಂಕ್ರಾಂತಿ ಕಳೆದ ಮೇಲೆ ಸಾಹುಕಾರರ ಬಂಗಲೆಗೆ ಬೆಂಗಳೂರಿನಿಂದ ಮೋಟಾರಿನಲ್ಲಿ ಒಬ್ಬ ಅತಿಥಿ ಬಂದ. ರೈಲುದಾರಿಗೆ ಮರದ ಹಲಗೆ ಒದಗಿಸುವ ದೊಡ್ಡ ಮನುಷ್ಯ. ಸಾಹುಕಾರರ ದಿಮ್ಮಿಯ ವ್ಯಾಪಾರವೆಲ್ಲ ಅವನ ಒಂದು ಮಾತಿನ ಮೇಲೆ ನಿಂತಿತ್ತು. ಅವನಿಗೆ ಬೇಟೆಯ ಚಪಲ. ಜಿಂಕೆ ಹೊಡೆದಿದ್ದ, ಹಂದಿ ಹೊಡೆದಿದ್ದ, ಕರಡಿ ಸಿಕ್ಕಿರಲಿಲ್ಲ. ವೀರನಹೊಸಹಳ್ಳಿಯ ಹತ್ತಿರ ಸಾಹುಕಾರರದೇ ಒಂದು ಕಾವಲು, ಕುರುಚಲು ಬೆಳೆದ ಹುಲ್ಲುಗಾವಲು, ಇತ್ತು. ಅಲ್ಲಿ ಕರಡಿ ಸಿಗುತ್ತದೆ ಎಂದು ಅವರು ಅತಿಥಿಗೆ ಮಾತು ಕೊಟ್ಟರು.

ಜವರಯ್ಯನಿಗೆ ಕುಳ್ಳಮ್ಮನಿಗಾಗಿ ಗೂಡಿನ ಗಾಡಿ ಕಟ್ಟಲು ಹೇಳಿ ಕಳಿಸಿದಾಗ ಲಿಂಗಯ್ಯನಿಗೆ ಗೊತ್ತಾಯಿತು. ಅವನು ಓಡಿಹೋಗಿ ಜಗುಲಿಯ ಮೆಟ್ಟಿಲ ಮೇಲೆ ಸಾಹುಕಾರರ ಕಾಲು ಹಿಡಿದುಕೊಂಡ.

"ಅದ್ನ ಕಾಡಿಗೆ ಬುಟ್ಬುಡಿ ಬುದ್ಧಿ. ನಿಮ್ಮ ದಮ್ಮಯ್ಯ."

"ಕಾಡಿಗೇ ತಾನೆ ಬಿಡ್ತಿರೋದು," ಎಂದರು ಸಾಹುಕಾರರು. ಕಾಲು ಬಿಡಿಸಿಕೊಳ್ಳಲಿಲ್ಲ, ಸುಮ್ಮನೆ ನಿಂತಿದ್ದರು. "ಅವತ್ತು ಸರ್ಕಸ್ಸಿಗೆ ಹೋಗಿದ್ದರೆ ಹೇಗೋ ಬದುಕಿಕೊಂಡಿರೋದು. ಯೋಚನೆ ಮಾಡು. ಏಳು ಮೇಲೆ. ನೀನೂ ಗಾಡಿಯಲ್ಲಿ ಬಾ, ಅವರಿಗೆ ಬೇಟೆಯ ಚಿತ್ರ ಬೇಕಂತೆ."

ಮಾರನೆಯ ಬೆಳಗ್ಗೆ ಗಾಡಿ ಹೊರಟಿತು. ಗೂಡಿನೊಳಗೆ ಕುಳ್ಳಮ್ಮ, ಮುಂದೆ ಜವರಯ್ಯ, ಹಿಂದೆ ಕಾಗದ ಬಣ್ಣದ ಗಂಟು ಹಿಡಿದುಕೊಂಡು ಲಿಂಗಯ್ಯ. ದಾರಿಯುದ್ದಕ್ಕೂ ಕುಳ್ಳಮ್ಮನ ಸದ್ದು ನಿಲ್ಲಲಿಲ್ಲ. ಗಾಡಿಯ ಕುಲುಕಾಟಕ್ಕೆ ಅದು ನಡುನಡುವೆ ಮುರಿದು ಬರುತ್ತಿತ್ತು. ಕಾವಲು ಸಮೀಪಿಸಿದಾಗ ಲಿಂಗಯ್ಯ ಜವರಯ್ಯನ ಹೆಗಲ ಮೇಲೆ ಕೈಯಿಟ್ಟ.

"ಬಾಗ್ಲು ಕಾಡಿನ ಕಡೀಕೆ ಬರಂಗೆ ಗಾಡಿ ನಿಲ್ಲುಸು ಜವರಣ್ಣ. ಆಚೆ ಬಂದ್ರೆ ಒಂದೇ ಓಟ. ಬಂದೂಕ ಎತ್ತೋಷ್ಟ್ರಲ್ಲಿ ಮೆಳೆ ಸೇರ್ಕತದೆ."

ಜವರಯ್ಯ ಗಾಡಿಯನ್ನು ಹಾಗೆಯೇ ತಿರುಗಿಸಿ ನಿಲ್ಲಿಸಿದ. ಬಿದಿರಮೆಳೆ ಕೂಗಳತೆಯಷ್ಟು ದೂರದಲ್ಲೇ ಇತ್ತು. ಅದರ ಹಿಂದೆ ದೊಡ್ಡ ಕಾಡು. ಅತಿಥಿ ಇನ್ನೊಂದು ಪಕ್ಕದ ಕಲ್ಲುಗುಡ್ಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ, ಪಕ್ಕದಲ್ಲಿ ಸಾಹುಕಾರರು. ತಮಟೆಯ ಆಳುಗಳು ಪೊದೆಗಳ ಹಿಂದೆ ಅಡಗಿದ್ದರು.

ಜವರಯ್ಯ ಬಾಗಿಲು ತೆಗೆದ. ಕುಳ್ಳಮ್ಮ ಹೊರಗೆ ಬರಲಿಲ್ಲ. ಅವನು ಗೂಡಿನ ಹಿಂಬದಿಗೆ ಕೋಲಿನಿಂದ ತಟ್ಟಿದ. ತುಂಬ ಹೊತ್ತಿನ ಮೇಲೆ ಅದು ಮೂಗು ಹೊರಗೆ ಚಾಚಿ ಗಾಳಿ ಹೀರಿ, ಒಂದೊಂದೇ ಕಾಲಿಟ್ಟು ಇಳಿಯಿತು. ಹುಲ್ಲಿನ ಮೇಲೆ ನಿಂತಿತು. ಹತ್ತಿರದಲ್ಲೇ ಒಂದು ಹುತ್ತವಿತ್ತು. ಅದರ ಬುಡಕ್ಕೆ ಹೋಗಿ ಉಗುರು ಹಾಕಿ ಕೆರೆಯಿತು. ಮಣ್ಣು ಉದುರಿತು. ಉಫ್ ಎಂದು ಊದಿ ಗೆದ್ದಲು ಹೀರಿತು. ಲಿಂಗಯ್ಯ ಗಾಡಿಯ ಗಾಲಿ ಹಿಡಿದುಕೊಂಡು ಓಡು, ಓಡು ಎಂದು ತುಟಿಯೊಳಗೇ ಅನ್ನುತ್ತಿದ್ದ.

ಅತಿಥಿ ಕೈಯೆತ್ತಿದ. ತಿನ್ನುತ್ತಾ ನಿಂತ ಪ್ರಾಣಿಯನ್ನು ಹೊಡೆಯುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ಓಡಿಸಿ ಎಂದ. ಎಲ್ಲ ಕಡೆಯಿಂದ ತಮಟೆಗಳು ಒಮ್ಮೆಗೇ ಎದ್ದವು.

ಕುಳ್ಳಮ್ಮ ಬೆಚ್ಚಿ ತಿರುಗಿತು. ಬಿದಿರಮೆಳೆ ಅದರ ಕುರುಡುಗಣ್ಣಿನ ಕಡೆಗಿತ್ತು. ಮೆಳೆ ಕಂಡಿತೋ ಇಲ್ಲವೋ. ಅದು ಓಡಿದ್ದು ಗಾಡಿಯ ಕಡೆಗೆ. ಬಂದು ಮುಂಗಾಲುಗಳನ್ನು ಗೂಡಿನ ಹೊಸ್ತಿಲ ಮೇಲಿಟ್ಟು ಒಳಗೆ ಹತ್ತಲು ನೋಡಿತು. "ಬಾಗಿಲು ಹಾಕು," ಎಂದು ಸಾಹುಕಾರರ ಧ್ವನಿ ಗುಡ್ಡೆಯ ಮೇಲಿನಿಂದ ಬಂತು. ಜವರಯ್ಯ ಮುಖ ತಿರುಗಿಸಿಕೊಂಡು ಬಾಗಿಲು ಎಳೆದ. ಕುಳ್ಳಮ್ಮ ಕಂಬಿಯನ್ನು ಹೊರಗಿನಿಂದ ಹೆಗಲಿನಲ್ಲಿ ಗುದ್ದಿತು. ಒಣಗಿದ್ದ ಹುಣ್ಣು ಮತ್ತೆ ಬಿಚ್ಚಿಕೊಂಡಿತು.

ಮೊದಲ ಗುಂಡು ತೊಡೆಗೆ ಬಿತ್ತು. ಅದು ಗಾಡಿಯಿಂದ ಸ್ವಲ್ಪ ದೂರ ತೆವಳಿತು. ಎರಡನೆಯ ಗುಂಡು ಎಲ್ಲಿಗೋ ಹೋಯಿತು. ಕುಳ್ಳಮ್ಮ ಹುಲ್ಲಿನ ಮೇಲೆ ಕುಳಿತು ಅಂಗೈಯನ್ನು ಬಾಯಿಗಿಟ್ಟುಕೊಂಡಿತು. ತಮಟೆಗಳು ನಿಂತಿದ್ದವು. ಗುಂಯ್ ಎನ್ನುವ ಸದ್ದು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಮೂರನೆಯ ಗುಂಡಿಗೆ ಆ ಸದ್ದು ನಿಂತಿತು.

ಅತಿಥಿ ಕೆಳಗಿಳಿದು ಬಂದು ಬೂಟುಗಾಲಿನಿಂದ ಮುಟ್ಟಿ ನೋಡಿದ. ಅವನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. "ಇದು ಕಾಡಿನ ಕರಡಿಯೇ ಹೌದಾ?" ಎಂದು ಕೇಳಿದ. ಸಾಹುಕಾರರು ಹೌದೆಂದರು. ಆಮೇಲೆ ಲಿಂಗಯ್ಯನ ಕಡೆ ತಿರುಗಿ, "ಎದ್ದು ನಿಂತು ಮೇಲೆ ಬೀಳೋ ಹಾಗೆ ಬರಲಿ. ಎರಡು ಕಣ್ಣೂ ಇರಲಿ," ಎಂದು ಮೆಲ್ಲಗೆ ಹೇಳಿದರು.

ಲಿಂಗಯ್ಯ ಬರೆದ. ಅಲ್ಲೇ ಹುಲ್ಲಿನ ಮೇಲೆ ಕುಳಿತು, ಬಂದೂಕ ಹಿಡಿದು ನಿಂತ ಅತಿಥಿಯ ಮುಖವನ್ನು ಬರೆದುಕೊಂಡ. ಕರಡಿಯನ್ನು ಮನೆಯಲ್ಲಿ ಬರೆದು ಮುಗಿಸಿದ. ತೆರೆದ ಬಾಯಿ, ಬಿಳಿಯ ಹಲ್ಲು, ಎತ್ತಿದ ಉಗುರು, ಕೆಂಡದಂಥ ಎರಡು ಕಣ್ಣು. ಬೇಡವೆಂದು ಹೇಳಿ ಎದ್ದು ಬರಬಹುದಿತ್ತು. ಅವನಿಗೆ ಹಾಗೆ ತೋರಲೇ ಇಲ್ಲ. ಬೇಡವೆಂದು ಹೇಳುವುದಕ್ಕೂ ಒಂದು ನಂಬಿಕೆ ಬೇಕಾಗುತ್ತದೆ. ಸೋಮಮ್ಮ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು.

"ಇದು ಕುಳ್ಳಮ್ಮ ಅಲ್ಲ," ಎಂದಳು.

"ಅಲ್ಲ."

"ನಾ ಅವತ್ತು ಅಂಗೆ ಯೋಳ್ಬಾರ್ದಿತ್ತು."

"ನೀ ಯೋಳಿದ್ರಲ್ಲಿ ತಪ್ಪೇನಿತ್ತು," ಎಂದ ಲಿಂಗಯ್ಯ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಅತಿಥಿಗೆ ಚಿತ್ರ ಬಹಳ ಹಿಡಿಸಿತಂತೆ. ಗಾಜು ಹಾಕಿಸಿ ತೂಗುಹಾಕುತ್ತೇನೆ ಎಂದು ತೆಗೆದುಕೊಂಡು ಹೋದ. ಅದಾದ ವಾರದಲ್ಲಿ ಲಿಂಗಯ್ಯ ಸಾಹುಕಾರರ ಮುಂದೆ ನಿಂತು, ಕೆಲಸ ಬಿಡುತ್ತೇನೆ ಎಂದ. ಅವರು ತಡೆ ಹೇಳುತ್ತಾರೆ, ಬಯ್ಯುತ್ತಾರೆ ಎಂದುಕೊಂಡು ಹೋಗಿದ್ದ. ಅವರು ತಲೆಯಾಡಿಸಿ, ಆರೋಗ್ಯ ನೋಡಿಕೊ ಎಂದರು.

ಸೋಮಮ್ಮನ ತವರು ಎಡತೊರೆ ಸೀಮೆಯ ಹೊಸ ಅಗ್ರಹಾರ. ಅವಳ ತಮ್ಮ ನಿಂಗರಾಜುವಿಗೆ ನಾಲೆಯ ನೀರಿನ ಗದ್ದೆಗಳಿದ್ದವು. ಗಂಡಹೆಂಡಿರು ಅಲ್ಲಿಗೆ ಹೋದರು. ನಿಂಗರಾಜು ಒಳ್ಳೆಯವನು, ಬೇಸರವಿಲ್ಲದೆ ಸೇರಿಸಿಕೊಂಡ. ಲಿಂಗಯ್ಯ ಕಳೆ ಕಿತ್ತ, ಅಂಚು ಕಡಿದ, ನೀರು ತಿರುಗಿಸಿದ. ಮದುವೆಯ ಕಾಲದಲ್ಲಿ ಮಡಕೆಗೆ ಚಿತ್ರ ಬರೆದುಕೊಡೆಂದು ಹೆಂಗಸರು ಬಂದರೆ ಒಲ್ಲೆ ಎನ್ನುತ್ತಿದ್ದ. ಅವರು ಒತ್ತಾಯ ಮಾಡಿದರೆ ಎದ್ದು ಗದ್ದೆಯ ಕಡೆ ಹೋಗಿಬಿಡುತ್ತಿದ್ದ. ತಾನು ಬಿಟ್ಟು ಬಂದದ್ದರಿಂದ ಅಲ್ಲಿ ಚಿತ್ರ ಹೋಗುವುದು ನಿಂತಿದೆ, ಚಿತ್ರವಿಲ್ಲದೆ ವ್ಯಾಪಾರವೂ ಕುಂಟಿರಬೇಕು ಎಂಬ ಒಂದೇ ಸಮಾಧಾನವನ್ನು ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

ಮಾರನೆಯ ವರ್ಷ ನಾಟಿಯ ಕಾಲದಲ್ಲಿ ಜವರಯ್ಯ ನೆಂಟರ ಮನೆಗೆ ಹೋಗುವ ದಾರಿಯಲ್ಲಿ ಅವನನ್ನು ಹುಡುಕಿಕೊಂಡು ಬಂದ. ಒಂದೇ ವರ್ಷಕ್ಕೆ ಮುದುಕನಾಗಿದ್ದ. ಅವನೂ ತೋಟ ಬಿಟ್ಟಿದ್ದ. ಇಬ್ಬರೂ ಗದ್ದೆಯ ಬದುವಿನ ಮೇಲೆ ಕುಳಿತರು. ಸೋಮಮ್ಮ ಮಜ್ಜಿಗೆ ತಂದುಕೊಟ್ಟಳು.

"ಈಗ ಯಾರು ಬರೀತಾರೆ?" ಎಂದು ಲಿಂಗಯ್ಯ ಕೇಳಿದ.

"ಯಾರೂ ಬರಿಯಲ್ಲ."

"ಮತ್ತೆ ವ್ಯಾಪಾರ?"

ಜವರಯ್ಯ ಮಜ್ಜಿಗೆಯ ಲೋಟವನ್ನು ಕೈಯಲ್ಲೇ ತಿರುಗಿಸಿದ.

"ನೀ ಬರ್ದಿದ್ದೆಲ್ಲಾನೂವೆ ಸಾವ್ಕಾರ್ರು ಮೈಸೂರಲ್ಲಿ ಅಚ್ಚು ಆಕುಸ್ಬುಟ್ಟವ್ರೆ ಕಣ ಲಿಂಗಯ್ಯ. ಕಟ್ಟುಗಟ್ಲೆ ಅವೆ. ಯಾವ ಚಿರ್ತೆ ಬಂದ್ರೂ ನೀ ಬರ್ದ ಆ ಚಿರ್ತೆ ಕಳುಸ್ತಾರೆ. ಯಾವ ಕರಡಿ ಬಂದ್ರೂ ಆ ಗಂಡು ಕರಡಿ, ಮರ ಕೆರೀತಾ ನಿಂತಿರೋದು. ಮುಂಚಿಗಿಂತ ಜಾಸ್ತಿ ಓಯ್ತವೆ ಈಗ. ನೀ ಇದ್ದಾಗ ಒಂದೊಂದ್ ಚಿತ್ರಕ್ಕೂ ತಿಂಗ್ಳುಗಟ್ಲೆ ಕಾಯ್ಬೇಕಿತ್ತಲ್ಲ."

ನಾಲೆಯ ನೀರು ಬದುವಿನ ಪಕ್ಕದಲ್ಲಿ ಹರಿಯುತ್ತಿತ್ತು.

"ಕುಳ್ಳಮ್ಮಂದು?" ಎಂದ ಲಿಂಗಯ್ಯ.

"ಅದ್ನ ಅಚ್ಚು ಆಕುಸ್ಲಿಲ್ಲ. ಎಲ್ಲಿ ಅದ್ಯೋ ಗೊತ್ತಿಲ್ಲ."

ಜವರಯ್ಯ ಹೊತ್ತು ಮುಳುಗುವ ಮೊದಲು ಊರು ಸೇರಬೇಕೆಂದು ಎದ್ದ. ಲಿಂಗಯ್ಯ ಅವನನ್ನು ನಾಲೆಯ ಸೇತುವೆಯವರೆಗೆ ಕಳಿಸಿ ಬಂದು ಮತ್ತೆ ಗದ್ದೆಗೆ ಇಳಿದ. ಪೈರಿನ ಕಟ್ಟು ಬಿಚ್ಚಿ ನೆಡತೊಡಗಿದ. ನಿಂಗರಾಜು ಬದುವಿನಿಂದ ನೋಡಿ, "ಭಾವ, ಸಾಲು ಸೊಟ್ಟ ಓಯ್ತಾ ಅದೆ," ಎಂದು ಕೂಗಿದ. ಲಿಂಗಯ್ಯನಿಗೆ ಕೇಳಿಸಿತೋ ಇಲ್ಲವೋ, ಬಗ್ಗಿದವನು ತಲೆಯೆತ್ತಲಿಲ್ಲ. ನಿಂಗರಾಜು ಮತ್ತೆ ಕೂಗಲಿಲ್ಲ. ಭಾವ ಅತ್ತ ಹೋದ ಮೇಲೆ ತಾನೇ ಇಳಿದು ಆ ಸಾಲನ್ನು ಕಿತ್ತು ನೆಟ್ಟ.